ಶೆಡ್ಡಿನಲ್ಲಿ ಐದು ಮಿಷನ್: ಒಂದು ಆಪ್ತಸಲಹೆ ಪ್ರಕರಣ

(ವ್ಯಕ್ತಿಯ ಊರು, ಮನೆಯ ವಿವರ, ಗುರುತು ಹತ್ತುವಂಥ ಸಂಗತಿಗಳನ್ನು ಬದಲಿಸಲಾಗಿದೆ.)

ವಯಸ್ಸು 41. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ವಂತ ವೆಲ್ಡಿಂಗ್ ಶಾಪ್. ಗೇಟು, ಗ್ರಿಲ್, ಅಡಿಕೆ ಒಣಗಿಸುವ ಶೆಡ್ಡಿನ ಟ್ರಸ್, ಇಂಥ ಕೆಲಸ. ಕುಡಿತವಿಲ್ಲ. ಸಲಹೆಗೆ ಬಂದದ್ದು ಹೆಂಡತಿಯ ಒತ್ತಾಯಕ್ಕೆ.

ಆಕೆಯ ದೂರು ಸ್ಪಷ್ಟವಾಗಿತ್ತು. ಮೂರು ವರ್ಷದಲ್ಲಿ ಮರ ಕೊಯ್ಯುವ ಮಿಷನ್ (ಚೈನ್‌ಸಾ) ಐದಾಗಿವೆ. ಅದರಲ್ಲಿ ಎರಡನ್ನು ತಂದದ್ದು ಮನೆಯಲ್ಲಿ ಹೇಳಿಯೇ ಇರಲಿಲ್ಲ. "ಕುಡಿಯೋದಿಲ್ಲ, ಇಸ್ಪೀಟಿಲ್ಲ, ಅದೆಲ್ಲ ಸರಿ ಮೇಡಂ. ಆದ್ರೆ ಭಾನುವಾರ ಬಂತು ಅಂದ್ರೆ ಇವ್ರು ನಮ್ಮ ಮನೆಯವರೇ ಅಲ್ಲ. ಬೆಳಿಗ್ಗೆ ಹೋದ್ರೆ ಜೀವಸಹಿತ ಬರ್ತಾರೋ ಇಲ್ವೋ ಅಂತ ಕಾಯ್ತಾ ಕೂರಬೇಕು."

ಗಂಡ ಮೊದಲ ಅರ್ಧ ಗಂಟೆ ಹೆಚ್ಚೇನೂ ಮಾತಾಡಲಿಲ್ಲ. ಯಾವ ಮಿಷನ್, ಎಷ್ಟು ಸಿಸಿ, ಯಾವ ಚೈನು ಎಂದು ಕೇಳಿದಾಗ ಬಾಯಿ ಬಿಟ್ಟರು. ಕೈಕೆಲಸದವರ ಜೊತೆ ಮಾತು ಭಾವನೆಯಿಂದ ಶುರುವಾಗುವುದು ಅಪರೂಪ, ಸಾಮಾನಿನಿಂದ ಶುರುವಾಗುತ್ತದೆ. "ಗೇಟಿನ ಕೆಲಸ ಮುಗಿದ್ರೂ ಮುಗಿಯೋದಿಲ್ಲ ಮೇಡಂ. ಬಣ್ಣ ಸರಿ ಇಲ್ಲ, ಚಿಲಕ ಬಿಗಿ, ದುಡ್ಡು ಅಡಿಕೆ ಕೊಯ್ಲಾದ ಮೇಲೆ. ಮರದ ತುಂಡು ಹಂಗಲ್ಲ. ಕೊಯ್ದ್ರೆ ಬಿತ್ತು, ಲೆಕ್ಕ ಚುಕ್ತಾ."

ಇದು ಚಟವೇ ಎಂಬುದು ಹೆಂಡತಿಯ ಮೊದಲ ಪ್ರಶ್ನೆ. ಕೊಂಡದ್ದನ್ನು ಮುಚ್ಚಿಟ್ಟದ್ದು ಒಳ್ಳೆಯ ಲಕ್ಷಣವಲ್ಲ, ನಿಜ. ಆದರೆ ಅಂಗಡಿಯಲ್ಲಿ ಕೆಲಸದ ಒತ್ತಡವಿದ್ದಾಗ ಅವರು ಮೂರು ವಾರ ಮಿಷನ್ ಮುಟ್ಟದೆ ಇದ್ದದ್ದುಂಟು, ಆಗ ಚಡಪಡಿಕೆ ಇರಲಿಲ್ಲ. ನಿದ್ದೆ, ದುಡಿಮೆ ಕೆಟ್ಟಿಲ್ಲ. ಸಾಲವಿಲ್ಲ. ಹಾಗಾಗಿ ಚಟ ಎಂಬ ಪದವನ್ನು ಬದಿಗಿಟ್ಟು, ಎಳೆಯುತ್ತಿರುವುದು ಯಾವುದು ಎಂದು ನೋಡಲು ಮೂರು ವಾರದ ಒಂದು ಪಟ್ಟಿ ಬರೆಯಲು ಹೇಳಿದೆವು. ನಾಲ್ಕೇ ಅಂಕಣ: ಏನು ಮಾಡಿದ್ದು, ಎಷ್ಟು ಹೊತ್ತು, ಯಾರು ಕರೆದದ್ದು, ಮುಗಿದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು.

ಪಟ್ಟಿ ಬಂದಾಗ ಅವರೇ ಬೆರಗಾದರು. ಚೈನಿಗೆ ಸಾಣೆ ಹಿಡಿದ ಸಂಜೆಗಳಿಗೆ 8. ಗುಜರಿಯಿಂದ ತಂದ ಹಳೇ ಮಿಷನ್ ಬಿಚ್ಚಿ ಕಟ್ಟಿದ ದಿನಕ್ಕೆ 9. ನೆಂಟರ, ಗುರುತಿನವರ ತೋಟದಲ್ಲಿ ಮರ ಉರುಳಿಸಿದ ಭಾನುವಾರಗಳಿಗೆ 4, ಒಮ್ಮೆ 3. ಆ 3ರ ಮುಂದೆ "ಕೈ ಜೋಮು" ಎಂದು ಬರೆದಿದ್ದರು.

ಸಾಣೆಯಲ್ಲಿ ಅಂಥದ್ದೇನಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಅವರ 45 ಸಿಸಿ ಮಿಷನ್ನಿನ ಪಾಯಿಂಟ್ 325 ಚೈನಿಗೆ (ಕೊಂಡಿಗಳ ಅಂತರದ ಇಂಚಿನ ಅಳತೆ ಅದು) 4.8 ಮಿ.ಮೀ. ದುಂಡು ಅರ ಬೇಕು. 30 ಡಿಗ್ರಿ ಓರೆ ಹಿಡಿದು ಮುಂದಕ್ಕೆ ಮಾತ್ರ ಉಜ್ಜಬೇಕು, ವಾಪಸ್ ತರುವಾಗ ಅರವನ್ನು ಎತ್ತಬೇಕು. ಹಲ್ಲೊಂದಕ್ಕೆ ಎರಡೋ ಮೂರೋ ಸಲ. ಅತಿ ಗಿಡ್ಡ ಹಲ್ಲನ್ನು ಹುಡುಕಿ ಉಳಿದವನ್ನೆಲ್ಲ ಅದರ ಅಳತೆಗೆ ತರಬೇಕು. ಎಡಗಡೆ ಹಲ್ಲು ಬಲಕ್ಕಿಂತ ಉದ್ದ ಉಳಿದರೆ ಕೊಯ್ತ ನೇರ ಹೋಗದೆ ಒಂದು ಕಡೆಗೆ ವಾಲುತ್ತದೆ. ಹಲ್ಲಿನ ಮುಂದಿನ ಗುಬುಟು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ತಗ್ಗು ಸಾಲದಿದ್ದರೆ ಚೈನು ಮರದ ಮೇಲೆ ಜಾರುತ್ತದೆ, ಹೆಚ್ಚಾದರೆ ಕಚ್ಚಿ ಒದೆಯುತ್ತದೆ. ಮಾಡಿದ್ದು ಸರಿಯೇ ಎಂದು ಯಾರನ್ನೂ ಕೇಳಬೇಕಿಲ್ಲ. ಮರಕ್ಕಿಟ್ಟ ಹತ್ತು ಸೆಕೆಂಡಿಗೆ ಚಕ್ಕೆ ಉದುರಿದರೆ ಸರಿ, ಹಿಟ್ಟಿನಂಥ ಹುಡಿ ಬಂದರೆ ತಪ್ಪು. ವಾರವಿಡೀ ಗಿರಾಕಿಯ ಮುಖ ನೋಡುತ್ತ ತನ್ನ ಕೆಲಸದ ಬೆಲೆ ಕಾಯುವವನಿಗೆ ಈ ಹತ್ತು ಸೆಕೆಂಡು ಎಷ್ಟು ದೊಡ್ಡದೆಂದು ಹೆಂಡತಿಗೆ ಬಿಡಿಸಿ ಹೇಳಬೇಕಾಯಿತು.

ಎಂಜಿನ್ನಿನ ಸೆಳೆತವೂ ಇದೇ ಬಗೆಯದು. ಲೋಡಿಲ್ಲದೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಸ್ವಲ್ಪ ಒಡೆದಂತೆ ಗುಳುಗುಳು ಅನ್ನಬೇಕು, ಮರಕ್ಕೆ ಇಟ್ಟೊಡನೆ ಶುದ್ಧವಾಗಬೇಕು. ಮೊದಲೇ ಕೀರಲು ಸದ್ದಿದ್ದರೆ ಪೆಟ್ರೋಲ್ ಕಡಿಮೆ ಹೋಗುತ್ತಿದೆ ಎಂದರ್ಥ, ಅದರಲ್ಲೇ ಕಲಸಿರುವ ಎಣ್ಣೆಯೂ ಕಡಿಮೆ. ಪಿಸ್ಟನ್ನಿಗೆ ಗೀರು ಬೀಳುವುದು ಹೀಗೆ. ಅವರ 58 ಸಿಸಿ ಚೀನಾ ಮಿಷನ್ನಿಗೆ ಎರಡು ಸಲ ಹೊಸ ಪಿಸ್ಟನ್ ಹಾಕಿದ್ದರು. ಕ್ರ್ಯಾಂಕ್ ಸೀಲಿನಲ್ಲಿ, ಅಂದರೆ ಎಂಜಿನ್ ದಂಡದ ಸುತ್ತ ಗಾಳಿ ತಡೆಯುವ ಬಳೆಯಲ್ಲಿ, ಗಾಳಿ ಸೋರುತ್ತಿದ್ದದ್ದು ಆಮೇಲೆ ತಿಳಿಯಿತು. ಆಕ್ಸಿಲರೇಟರ್ ಬಿಟ್ಟರೂ ಮಿಷನ್ ಬೇಗ ಐಡಲಿಗೆ ಇಳಿಯದಿದ್ದದ್ದೇ ಅದರ ಸೂಚನೆಯಾಗಿತ್ತು.

ನಮ್ಮ ಮೊದಲ ಸಲಹೆ ತಪ್ಪಾಯಿತು. ಭಾನುವಾರ ಬಿಟ್ಟು ಭಾನುವಾರ ಮಾತ್ರ ಮಿಷನ್ ಎಂದು ಇಬ್ಬರನ್ನೂ ಒಪ್ಪಿಸಿದ್ದೆವು. ಪಟ್ಟಿಯಲ್ಲೇ ಇದ್ದದ್ದನ್ನು ನಾವು ಬಳಸಲಿಲ್ಲ: ಸಾಣೆ, ರಿಪೇರಿಯಂಥ ಬೆಂಚಿನ ಕೆಲಸವನ್ನೂ ಮರ ಉರುಳಿಸುವುದನ್ನೂ ಒಂದೇ ಗಂಟಿಗೆ ಕಟ್ಟಿದೆವು. ಆದದ್ದೇನೆಂದರೆ, ಮನೆಯಲ್ಲಿ ಜಗಳವಾಗದಿರಲೆಂದು ಬೆಂಚಿನ ಕೆಲಸ ನಿಂತಿತು. ತೋಟದ ಕರೆಗಳು ನಿಲ್ಲಲಿಲ್ಲ, ವಾರದ ನಡುವಿನ ಸಂಜೆಗೆ ಸರಿದವು. ಅಂಗಡಿ ಮುಚ್ಚಿ, ಒಬ್ಬರೇ, ಮಬ್ಬು ಬೆಳಕಿನಲ್ಲಿ, ಗಾಳಿಗೆ ಬಿದ್ದ ಅಕೇಶಿಯಾ. ಎಡತೊಡೆಯ ಮೇಲೆ ಪ್ಯಾಂಟು ಹರಿದುಕೊಂಡು ಬಂದದ್ದನ್ನು ಹೆಂಡತಿ ಬಟ್ಟೆ ಒಗೆಯುವಾಗ ಕಂಡರು. ಚರ್ಮಕ್ಕೆ ತಾಗಿರಲಿಲ್ಲ.

ಎರಡನೇ ಸುತ್ತಿನಲ್ಲಿ ಕೇಳಿದ ಪ್ರಶ್ನೆ: 4 ಅಂಕದ ಕೆಲಸಕ್ಕೆ ಏಕೆ ಹೋಗುತ್ತೀರಿ? ಉತ್ತರ ತಡವಾಗಿ ಬಂತು. "ಇಲ್ಲ ಅನ್ನೋಕಾಗಲ್ಲ. ಎಲ್ಲ ಗಿರಾಕಿಗಳೇ. ಮಿಷನ್ ಇಟ್ಕೊಂಡು ಬರಲ್ಲ ಅಂದ್ರೆ ಸೊಕ್ಕು ಅಂತಾರೆ."

ಇಲ್ಲ ಅನ್ನಲಾರದವರಿಗೆ ಧೈರ್ಯ ತಂದುಕೊಳ್ಳಿ ಎಂದರೆ ಪ್ರಯೋಜನವಿಲ್ಲ, ಹೇಳಲು ಒಂದು ಮಾತು ಕೊಡಬೇಕು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರದಂಥ ಕೆಲವಕ್ಕೆ ವಿನಾಯಿತಿ ಇದೆ. ಹಾಗಾಗಿ ಅವರು ಹೇಳಬೇಕಾದ ಮಾತು ಇಷ್ಟೇ: "ಪರ್ಮಿಷನ್ ಕಾಗದ ಕಳಿಸಿ ಅಣ್ಣ, ಆಮೇಲೆ ದಿನ ನೋಡುವ. ಜೊತೆಗೆ ಒಬ್ರು ಆಳು ಬೇಕು." ಕಾಗದ ಕೇಳಿದವನನ್ನು ಸೊಕ್ಕಿನವನೆಂದು ಯಾರೂ ಅನ್ನುವುದಿಲ್ಲ. ಕನ್ನಡಿಯ ಮುಂದೆ ಬೇಡ, ಫೋನ್ ಹಿಡಿದು ನಮ್ಮೆದುರೇ ಐದು ಸಲ ಹೇಳಿಸಿದೆವು.

ಹೋಗಲೇಬೇಕಾದ ದಿನಗಳಿಗೆ ನಿಯಮಗಳು ಗಟ್ಟಿ. ಒಬ್ಬರೇ ಹೋಗುವಂತಿಲ್ಲ, ನಾಲ್ಕೂವರೆಯ ಮೇಲೆ ಮಿಷನ್ ಚಾಲೂ ಮಾಡುವಂತಿಲ್ಲ. ಬೀಳುವ ದಿಕ್ಕಿನ ಕಚ್ಚು ಮರದ ದಪ್ಪದ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು, ಹಿಂದಿನ ಕೊಯ್ತ ಅದಕ್ಕಿಂತ ತುಸು ಮೇಲೆ, ನಡುವೆ ಕೀಲಾಗಿ ಹತ್ತನೇ ಒಂದು ಪಾಲು ಉಳಿಯಬೇಕು. ಅವರು ಅಭ್ಯಾಸಬಲದಿಂದ ಕೀಲನ್ನೂ ಕೊಯ್ದುಬಿಡುತ್ತಿದ್ದರು. ಹಾಗೆ ಮಾಡಿದರೆ ಮರ ತನಗೆ ಬೇಕಾದತ್ತ ತಿರುಗುತ್ತದೆ. ಓಡುವ ದಾರಿಯನ್ನು ಹಿಂದಕ್ಕೆ ಓರೆಯಾಗಿ ಮೊದಲೇ ಸವರಿಟ್ಟುಕೊಳ್ಳಬೇಕು. ಗಾಳಿಗೆ ಬಿದ್ದು ಎರಡು ತುದಿಯಲ್ಲಿ ಆನಿಕೊಂಡ ದಿಮ್ಮಿಯಾದರೆ ಮೇಲಿನಿಂದ ಮೂರನೇ ಒಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ. ಬರೀ ಮೇಲಿನಿಂದಲೇ ಹೋದರೆ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಸಿಕ್ಕಿಕೊಳ್ಳುತ್ತದೆ, ಅದನ್ನು ಎಳೆಯುವ ಗಡಿಬಿಡಿಯಲ್ಲಿ ಅಪಘಾತ. ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಕೂಡದು, ಮಿಷನ್ ಮುಖಕ್ಕೆ ಒದೆಯುವುದು ಅಲ್ಲಿಂದಲೇ. ವೆಲ್ಡಿಂಗಿನ ಚರ್ಮದ ಏಪ್ರನ್ ಸಾಕೆಂದು ಅವರು ನಂಬಿದ್ದರು. ಅದು ಕಿಡಿಗೆ ಸರಿ, ಚೈನಿಗೆ ಅಡ್ಡಿಯಾಗದು. ಇದಕ್ಕೆಂದೇ ಬರುವ ಪ್ಯಾಂಟಿನ ಒಳಪದರದ ಉದ್ದ ನಾರುಗಳು ಚೈನು ಓಡಿಸುವ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತವೆ. ಆರನೇ ಮಿಷನ್ನಿಗೆ ಎತ್ತಿಟ್ಟಿದ್ದ ದುಡ್ಡು ಪ್ಯಾಂಟಿಗೂ ಜಾಲರಿ ಇರುವ ಹೆಲ್ಮೆಟ್ಟಿಗೂ ಹೋಯಿತು.

ಕೈಯ ವಿಷಯ ಬೇರೆಯೇ ಗಂಭೀರ. ಚಳಿಗಾಲದ ಬೆಳಿಗ್ಗೆ ಬೆರಳ ತುದಿ ಬಿಳಿಚಿಕೊಳ್ಳುತ್ತದೆ ಎಂದು ಮೂರನೇ ಭೇಟಿಯಲ್ಲಿ, ಎದ್ದು ಹೋಗುವಾಗ ಹೇಳಿದರು. ಕಂಪನದಿಂದ ಬರುವ ತೊಂದರೆಯ ಲಕ್ಷಣ ಇದು, ವೈದ್ಯರೇ ನೋಡಬೇಕು. ಯುರೋಪಿನ ನಿಯಮದಲ್ಲಿ ಕೈಗೆ ತಾಗುವ ಕಂಪನಕ್ಕೆ ದಿನದ 8 ಗಂಟೆಯ ಲೆಕ್ಕದಲ್ಲಿ 2.5 (ಮೀ/ಸೆ² ಅಳತೆಯಲ್ಲಿ) ಎಚ್ಚರಿಕೆಯ ಮಟ್ಟ, 5 ಮೇಲ್ಮಿತಿ. ಹಿಡಿಯಲ್ಲಿ 7ರಷ್ಟು ಕಂಪನವಿರುವ ಮಿಷನ್ ಹಿಡಿದರೆ ಸುಮಾರು ಒಂದು ಗಂಟೆಗೇ ಎಚ್ಚರಿಕೆಯ ಮಟ್ಟ ಮುಟ್ಟುತ್ತದೆ. ಅವರು ವಾರವಿಡೀ ಗ್ರೈಂಡರ್ ಹಿಡಿಯುವವರು. ಭಾನುವಾರ ವಿಶ್ರಾಂತಿ ಎಂದುಕೊಂಡದ್ದು ಆ ಕೈಗಳ ಪಾಲಿಗೆ ಏಳನೇ ದಿನದ ಕೆಲಸ. ಬಿಳಿಚುವುದು ಶುರುವಿನಲ್ಲಿ ಇಳಿಯಬಹುದು, ಜೋಮು ನಿಂತುಬಿಟ್ಟರೆ ವಾಪಸಾಗುವುದು ಕಷ್ಟ. ಬೀಡಿ ಬಿಡಲು ಹೇಳಿದೆವು, ರಕ್ತನಾಳವನ್ನು ಅದೂ ಬಿಗಿಯುತ್ತದೆ. ದಿಮ್ಮಿಯಿಂದ ಹಲಗೆ ಸೀಳುವ ಚೌಕಟ್ಟು ಕಟ್ಟುವ ಆಸೆ ಅವರಿಗಿತ್ತು. ಪೂರ್ತಿ ಲೋಡಿನಲ್ಲಿ ಬಹಳ ಹೊತ್ತು ಹಿಡಿಯಬೇಕಾದ ಕೆಲಸ, ಈಗ ಬೇಡವೆಂದೆವು. ಇದೊಂದನ್ನು ಅವರು ಮನಸಾರೆ ಒಪ್ಪಿಲ್ಲ.

ಬೆಂಚಿಗೆ ಮಾತ್ರ ತಡೆ ಹಾಕಲಿಲ್ಲ. ಬದಲಿಗೆ ವಾರಕ್ಕೆ ಎರಡು ಸಂಜೆ ಕಾಯಂ ಮಾಡಿದೆವು. ಒಂದು ಹೊತ್ತಿಗೆ ಬಿಚ್ಚಿದ ಮಿಷನ್ ಒಂದೇ ಇರಬೇಕು, ತಿಂಗಳ ಖರ್ಚಿನ ಮಿತಿ ಹೆಂಡತಿಯ ಪುಸ್ತಕದಲ್ಲಿ. ಪೆಟ್ರೋಲ್ ಕಲಸುವುದು ಲೀಟರಿಗೆ ಒಳ್ಳೆಯ 2ಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಎಣ್ಣೆ 20 ಮಿ.ಲೀ. ಸೇರಿಸಿ, ಅದೂ ಒಂದೇ ಲೀಟರ್. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ತಿಂಗಳು ಬಳಸದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಮಿಷನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಬೇಕು.

ಹೆಂಡತಿಗೂ ಒಂದು ಸಲಹೆ. ಅವರು ತೋಟದಲ್ಲಿದ್ದಾಗ ಫೋನ್ ಮಾಡಬೇಡಿ, ಜೇಬಿನಲ್ಲಿ ಅದುರಿದರೆ ಕೈಯ ಲಕ್ಷ್ಯ ತಪ್ಪುತ್ತದೆ. ಹೊರಡುವಾಗ ವಾಪಸಾಗುವ ಹೊತ್ತು ಕೇಳಿಟ್ಟುಕೊಳ್ಳಿ, ಅರ್ಧ ಗಂಟೆ ಮೀರಿದರೆ ಜೊತೆಗಿರುವ ಆಳಿಗೆ ಕರೆ ಮಾಡಿ.

ಐದು ತಿಂಗಳ ಹೊತ್ತಿಗೆ ಎರಡು ಮಿಷನ್ ಮಾರಾಟವಾಗಿವೆ. ಕಾಗದ ಕೇಳಲು ಶುರುಮಾಡಿದ ಮೇಲೆ ಬಂದ ಆರು ಕರೆಗಳಲ್ಲಿ ಉಳಿದದ್ದು ಎರಡು. ಗುರುತಿನ ತೋಟಗಳವರು ಈಗ ಚೈನುಗಳನ್ನೇ ಅಂಗಡಿಗೆ ತಂದು ಸಾಣೆ ಮಾಡಿಸಿಕೊಂಡು ಹೋಗುತ್ತಾರೆ, ಅದಕ್ಕೆ ದುಡ್ಡು ಅಲ್ಲೇ ಸಿಗುತ್ತದೆ. ಬೆರಳುಗಳ ತಪಾಸಣೆಗೆ ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ತಪ್ಪಿಸಿದ್ದಾರೆ. ಮುಂದಿನ ಭೇಟಿಯನ್ನು ಆಸ್ಪತ್ರೆಯ ಚೀಟಿ ತಂದ ಮೇಲೆಯೇ ಎಂದು ಇಟ್ಟಿದ್ದೇವೆ.