ಸಿಸ್ಟರ್‌ಗಳು ಅಂಗಡಿ ಅಂಗಡಿ ತಿರುಗಿ ಕೇಳುವುದೇಕೆ?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ನಿಮ್ಮದು ದಿನಸಿ ಅಂಗಡಿ. ಇಬ್ಬರು ಕ್ರೈಸ್ತ ಸಿಸ್ಟರ್‌ಗಳು ಬಂದು ವೃದ್ಧಾಶ್ರಮಕ್ಕೆ ಅಕ್ಕಿ ಬೇಳೆ ಕೇಳಿದರು. ಶಾಲೆ, ಆಸ್ಪತ್ರೆ, ಆಸ್ತಿ ಇರುವ ಚರ್ಚಿನವರು ಹೀಗೇಕೆ ತಿರುಗುತ್ತಾರೆ, ಕೊಟ್ಟದ್ದು ಮತಾಂತರಕ್ಕೆ ಹೋಗುವುದಿಲ್ಲವೇ ಎಂಬುದು ನಿಮ್ಮ ಅನುಮಾನ.

ನಾನು ಚರ್ಚಿನ ಕಡೆಯವನಲ್ಲ. ಮನೆದೇವರು ನಂಜುಂಡೇಶ್ವರ, ಕಸುಬು ಮೈಸೂರಿನ ಬಂಡಿಪಾಳ್ಯದ ಎಪಿಎಂಸಿ ಯಾರ್ಡಿನಲ್ಲಿ ತರಕಾರಿ ಮಂಡಿ. ನಮ್ಮಲ್ಲಿಗೂ ಸಿಸ್ಟರ್‌ಗಳು ಬರುತ್ತಾರೆ. ನಮ್ಮ ತಂದೆಯವರ ಕಾಲದಿಂದಲೂ ಬರುತ್ತಿದ್ದಾರೆ. ಹಾಗಾಗಿ ನಿಮ್ಮ ಅನುಮಾನ ನನಗೆ ಹೊಸದೇನಲ್ಲ. ಯಾರ್ಡಿನಲ್ಲಿ ಅದನ್ನು ಆಡದವರೇ ಕಡಿಮೆ.

ಹೀಗೆ ಕೇಳಿಕೊಂಡು ತಿರುಗುವುದು ಅವರ ಕಸುಬಿನ ತಿರುಳು. ಈ ಕ್ರಮವನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಫ್ರಾನ್ಸಿನ ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್ ಎಂಬ ಸಭೆಯವರು (ಸಭೆಯೆಂದರೆ ಸಿಸ್ಟರ್‌ಗಳ ಸಂಘ). ಅದನ್ನು ಆರಂಭಿಸಿದ ಜೀನ್ ಜುಗಾನ್ 1792ರಲ್ಲಿ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದವರು. ತಂದೆ ಸಮುದ್ರದ ಪಾಲಾದರು. ಮಗಳು ಮನೆಗೆಲಸ ಮಾಡಿಕೊಂಡು ಬದುಕಿದರು. 1839ರ ಚಳಿಗಾಲದಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಕಣ್ಣು ಕಾಣದ, ಅರೆ ಪಾರ್ಶ್ವವಾಯು ಬಡಿದಿದ್ದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತಮ್ಮ ಹಾಸಿಗೆ ಬಿಟ್ಟುಕೊಟ್ಟು, ತಾವು ಅಟ್ಟದಲ್ಲಿ ಮಲಗಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಹಾಗೆ ಬಂದ ಮುದುಕಿಯರಲ್ಲಿ ಹಲವರು ಬೀದಿಯಲ್ಲಿ ಬೇಡಿ ತಿನ್ನುತ್ತಿದ್ದವರು. ನೀವು ಮನೆಯಲ್ಲಿರಿ, ನಿಮ್ಮ ಬದಲು ನಾನು ಬೇಡುತ್ತೇನೆ ಎಂದು ಜೀನ್ ಬುಟ್ಟಿ ಹಿಡಿದು ಹೊರಟರು. ಇವತ್ತಿನ ಸಿಸ್ಟರ್‌ಗಳ ಚೀಲದ ಮೂಲ ಆ ಬುಟ್ಟಿ.

ಅಲ್ಲಿಂದ ಮುಂದೆ ಅದು ನಿಯಮವೇ ಆಯಿತು. ಆ ಸಭೆಯವರು ಖಾಯಂ ವರಮಾನ ತರುವ ಆಸ್ತಿಯನ್ನು ನೆಚ್ಚಿಕೊಳ್ಳುವುದಿಲ್ಲ. ಈ ತಿಂಗಳ ಅನ್ನ ಈ ತಿಂಗಳೇ ಬರಬೇಕು. ಎಲ್ಲ ಸಿಸ್ಟರ್‌ಗಳೂ ತೊಡುವ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಮೇಲೆ ಅವರು ಅತಿಥಿಸತ್ಕಾರವೆಂಬ ನಾಲ್ಕನೆಯದನ್ನೂ ತೊಡುತ್ತಾರೆ. ಅತಿಥಿಯೆಂದರೆ ದಿಕ್ಕಿಲ್ಲದ ಮುದುಕ ಮುದುಕಿ. 1882ರಲ್ಲಿ ಅವರು ಕೋಲ್ಕತ್ತಕ್ಕೆ ಬಂದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಅವರ ವೃದ್ಧಾಶ್ರಮಕ್ಕೆ ನೂರು ವರ್ಷ ದಾಟಿದೆ. ನಮ್ಮ ಮಂಡಿಗೆ ಬರುವವರು ಬೇರೊಂದು ಸಭೆಯವರು, ಆದರೆ ಕೇಳುವ ರೀತಿಗೆ ಮೇಲ್ಪಂಕ್ತಿ ಅದೇ.

ಮಂಡ್ಯದವರಾದ ನಿಮಗೆ ಇದು ಅಪರಿಚಿತವಾಗಬಾರದು. ಮಂಟೇಸ್ವಾಮಿಯ ಕಥೆ ಹಾಡುವ ಮಳವಳ್ಳಿ ಕಡೆಯ ನೀಲಗಾರರು ಜೋಳಿಗೆ, ತಂಬೂರಿ ಹಿಡಿದು ಬಾಗಿಲಿಗೆ ಬಂದರೆ ಮಠಕ್ಕೆ ಅಕ್ಕಿ ಸಾಲದಾಯಿತೇ ಎಂದು ಯಾರಾದರೂ ಕೇಳುತ್ತೇವೆಯೇ? ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ಧಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸಿದ ಕಥೆಯನ್ನು ರಾತ್ರಿಯಿಡೀ ಕೇಳುವ ಜನ ನಾವು. ಬೇಡಿದವನನ್ನು ಕೆಣಕಿದ ಪಾಂಚಾಳರ ಪಾಡು ಏನಾಯಿತೆಂದೂ ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಜೋಳಿಗೆಯ ಬಣ್ಣ ಬದಲಾದ ಮಾತ್ರಕ್ಕೆ ನಮಗೆ ಲೆಕ್ಕಪತ್ರ ನೆನಪಾಗುವುದು ನನಗೆ ಸರಿ ಕಾಣುವುದಿಲ್ಲ. ಲೆಕ್ಕ ಕೇಳಬೇಡಿ ಎನ್ನುತ್ತಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಜೀನ್ ಜುಗಾನ್ ಬಗ್ಗೆ ಇನ್ನೊಂದು ವಿಷಯವಿದೆ. ವ್ಯಾಪಾರಿಯಾದ ನನಗೆ ಅದೇ ಹೆಚ್ಚು ತಟ್ಟಿದ್ದು. 1843ರ ಕೊನೆಯಲ್ಲಿ ಜೊತೆಯವರು ಅವರನ್ನು ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. ಸಭೆಯ ಮೇಲ್ವಿಚಾರಣೆಗಿದ್ದ ಲ ಪಾಯರ್ ಎಂಬ ಪಾದ್ರಿ ಅದನ್ನು ರದ್ದುಮಾಡಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳನ್ನು ಆ ಜಾಗದಲ್ಲಿ ಕೂರಿಸಿದರು. ಜೀನ್ ಪಾಲಿಗೆ ಉಳಿದದ್ದು ಬೀದಿ ತಿರುಗಿ ಬೇಡುವ ಕೆಲಸ. ಆ ಕೆಲಸಕ್ಕೆ 1845ರಲ್ಲಿ ಫ್ರೆಂಚ್ ಅಕಾಡೆಮಿ ಬಹುಮಾನ ಕೊಟ್ಟು ಗೌರವಿಸಿತು. 1852ರಲ್ಲಿ ಅದನ್ನೂ ಬಿಡಿಸಿ ಮುಖ್ಯ ಮಠದಲ್ಲಿ ಇರಿಸಿದರು. ಸಾಯುವವರೆಗೆ, ಅಂದರೆ 1879ರವರೆಗೆ, ಇಪ್ಪತ್ತೇಳು ವರ್ಷ ಅಲ್ಲೇ ಇದ್ದರು. ಪಕ್ಕದಲ್ಲಿ ಕುಳಿತು ಊಟ ಮಾಡುತ್ತಿದ್ದ ಹೊಸ ಹುಡುಗಿಯರಿಗೆ ಈ ಅಜ್ಜಿಯೇ ಸಭೆ ಕಟ್ಟಿದವರೆಂದು ಗೊತ್ತಿರಲಿಲ್ಲ; ಸ್ಥಾಪಕರು ಪಾದ್ರಿಯೆಂದೇ ಅವರಿಗೆ ಹೇಳಿಕೊಡಲಾಗಿತ್ತು. ಆ ಹೊತ್ತಿಗೆ ಸಭೆಯಲ್ಲಿ ಸುಮಾರು 2,400 ಸಿಸ್ಟರ್‌ಗಳಿದ್ದರು. 1890ರಲ್ಲಿ ವ್ಯಾಟಿಕನ್ ಆ ಪಾದ್ರಿಯನ್ನು ಕೆಳಗಿಳಿಸಿತು, 2009ರಲ್ಲಿ ಜೀನ್ ಅವರನ್ನು ಸಂತರೆಂದು ಘೋಷಿಸಿತು. ಬೋರ್ಡಿನ ಮೇಲೆ ಅಣ್ಣನ ಹೆಸರು ಮೇಲಿರಬೇಕೋ ತಮ್ಮನದೋ ಎಂದು ಕೋರ್ಟಿಗೆ ಹೋದವರನ್ನು ನಮ್ಮ ಯಾರ್ಡಿನಲ್ಲೇ ಕಂಡಿದ್ದೇನೆ. ಅದಕ್ಕೇ ಈ ಹೆಂಗಸಿನ ಮೌನ ನನಗೆ ಅರ್ಥವಾಗುವುದಿಲ್ಲ. ಅದು ದೊಡ್ಡತನವೋ ಅನ್ಯಾಯವೋ ಎಂದು ನಮ್ಮಲ್ಲಿಗೆ ಬರುವ ಹಿರಿಯ ಸಿಸ್ಟರ್ ಒಬ್ಬರನ್ನು ಕೇಳಿದೆ. "ಎರಡೂ ಅಣ್ಣ" ಎಂದು ಹೇಳಿ ಕುಂಬಳಕಾಯಿ ಎತ್ತಿಕೊಂಡು ಹೋದರು.

ಇನ್ನು ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬ ಮಾತು. ನಾನು ನಮ್ಮಲ್ಲಿಗೆ ಬರುವ ಸಿಸ್ಟರ್‌ಗಳ ಆಶ್ರಮದ ಅಡುಗೆಮನೆಯವರೆಗೂ ಹೋಗಿ ನೋಡಿದವನು. ತರಕಾರಿಯ ವಿಷಯದಲ್ಲಿ ಅವರು ನಮ್ಮ ಹೋಟೆಲ್ ಗಿರಾಕಿಗಳಿಗಿಂತ ಕಟ್ಟುನಿಟ್ಟು. ಬಲಿತ ಬೆಂಡೆಕಾಯಿ, ನಾರು ಬಂದ ಬೀನ್ಸ್ ಕೊಟ್ಟರೆ ಹಿಂದಿರುಗಿಸುತ್ತಾರೆ, ಅಜ್ಜಿಯರಿಗೆ ಹಲ್ಲಿಲ್ಲ ಎನ್ನುತ್ತಾರೆ. ಸೋರೆ, ಹೀರೆ, ಪಡವಲ, ಸಿಹಿಗುಂಬಳ ಎಷ್ಟು ಕೊಟ್ಟರೂ ಸರಿ. ಆಲೂಗಡ್ಡೆ ಮಾತ್ರ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಾರೆ, ಸಕ್ಕರೆ ಕಾಯಿಲೆಯವರು ಬಹಳ. ಪುಕ್ಕಟೆ ಬರುವುದಕ್ಕೂ ಇಷ್ಟು ಆರಿಸುತ್ತಾರಲ್ಲ ಎಂದು ಮೊದಲು ನಮ್ಮ ಹಮಾಲಿಗಳು ಗೊಣಗುತ್ತಿದ್ದರು.

ಅಡುಗೆಮನೆಯ ಆಚೆಗಿನ ಕೆಲಸ ಹೇಳುವುದು ಕಷ್ಟ, ಏಕೆಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಬೆಳಗಿನ ಜಾವ ಪ್ರಾರ್ಥನೆ, ಪೂಜೆ. ಆಮೇಲೆ ಮೈ ತೊಳೆಸುವುದು, ಬಟ್ಟೆ ಬದಲಿಸುವುದು, ರಾಗಿ ಗಂಜಿ ಕುಡಿಸುವುದು. ಹಾಸಿಗೆ ಹಿಡಿದವರನ್ನು ಹಗಲು ರಾತ್ರಿಯೆನ್ನದೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಒಮ್ಮೆ ಆದರೆ ಆ ವಯಸ್ಸಿನಲ್ಲಿ ಮಾಯುವುದು ಸುಲಭವಲ್ಲ. ಬೈಯುವ ಅಜ್ಜ, ತುತ್ತು ಉಗಿಯುವ ಅಜ್ಜಿ, ಕೊಟ್ಟ ಮಾತ್ರೆಯನ್ನು ದಿಂಬಿನಡಿ ಬಚ್ಚಿಡುವವರು ಎಲ್ಲರೂ ಅಲ್ಲಿದ್ದಾರೆ. ಕೊನೆಯ ಗಳಿಗೆಯಲ್ಲಿರುವವರನ್ನು ಒಬ್ಬರನ್ನೇ ಬಿಡಬಾರದೆಂಬುದು ಲಿಟ್ಲ್ ಸಿಸ್ಟರ್ಸ್ ಹಾಕಿಕೊಂಡ ಕಟ್ಟಳೆ. ಇವರೂ ಅದನ್ನು ಪಾಲಿಸುತ್ತಾರೆ. ಸರದಿಯ ಮೇಲೆ ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತಿರುತ್ತಾರೆ. ಸಂಬಳ ಕೊಟ್ಟು ಇಟ್ಟುಕೊಂಡ ಆಳುಗಳಿಂದ ನನ್ನ ಸ್ವಂತ ತಾಯಿಗೆ ಅಷ್ಟು ಸೇವೆ ಸಿಗಲಿಲ್ಲ.

ಮತಾಂತರದ ಬಗ್ಗೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಅಲ್ಲಿರುವವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರೂ ಇದ್ದಾರೆ. ಕೆಸರೆ ಕಡೆಯ ಅಜ್ಜಿಯೊಬ್ಬರ ಮಂಚದ ತಲೆಯ ಬಳಿ ಚಾಮುಂಡಿಯ ಪಟವಿತ್ತು. ಅದಕ್ಕೆ ಹೂ ತಂದಿಡುತ್ತಿದ್ದವರು ಸಿಸ್ಟರೇ. ಆಕೆ ತೀರಿಕೊಂಡಾಗ ಅಣ್ಣನ ಮಗನನ್ನು ಹುಡುಕಿ ಕರೆಸಿದರು, ಸಂಸ್ಕಾರ ಆ ಅಜ್ಜಿಯ ಮನೆಯವರ ಪದ್ಧತಿಯಂತೆ ನಡೆಯಿತು. ಹಾಗೆಂದು ಈ ಕೆಲಸಕ್ಕೂ ಅವರ ಧರ್ಮಕ್ಕೂ ಸಂಬಂಧವಿಲ್ಲ ಎಂದರೆ ಸುಳ್ಳಾಗುತ್ತದೆ. ಹಸಿದವನಿಗೆ, ರೋಗಿಗೆ ಮಾಡಿದ್ದನ್ನು ತನಗೇ ಮಾಡಿದಂತೆ ಎಂದು ಯೇಸು ಹೇಳಿದ್ದನ್ನು ಅವರು ಅಕ್ಷರಶಃ ನಂಬುತ್ತಾರೆ. ಆ ನಂಬಿಕೆ ಕಿತ್ತುಹಾಕಿದರೆ ಆ ಹುಡುಗಿಯರು ಮಲಮೂತ್ರ ಬಳಿಯುತ್ತಾ ನಲವತ್ತು ವರ್ಷ ಉಳಿಯುವುದಿಲ್ಲ. ನನಗೆ ಆ ನಂಬಿಕೆಯಿಲ್ಲ. ಅದರ ಫಲ ನನ್ನ ಊರಿನ ಮುದುಕಿಗೆ ಸಿಗುತ್ತಿರುವಾಗ ತಕರಾರು ಏಕೆ?

ಲೆಕ್ಕದ ವಿಷಯ. ಸಿಸ್ಟರ್ ವೇಷ ಹಾಕಿ, ಆಶ್ರಮದ ಹೆಸರು ಹೇಳಿ ವಸೂಲಿ ಮಾಡುವವರು ಇಲ್ಲವೆಂದಲ್ಲ. ಆದ್ದರಿಂದ ಮೊದಲ ಸಲಕ್ಕೆ ನಗದು ಕೊಡಬೇಡಿ. ಯಾವ ಸಭೆ, ಆಶ್ರಮ ಎಲ್ಲಿ ಎಂದು ಕೇಳಿ, ರಸೀದಿ ಕೇಳಿ. ಮಂಡ್ಯ ಜಿಲ್ಲೆಯೂ ಮೈಸೂರು ಧರ್ಮಪ್ರಾಂತ್ಯಕ್ಕೇ, ಅಂದರೆ ಮೈಸೂರು ಬಿಷಪ್ಪರ ಆಡಳಿತಕ್ಕೇ, ಸೇರುವುದರಿಂದ, ನಿಮ್ಮ ಊರಿನ ಚರ್ಚಿನ ಫಾದರ್ ಬಳಿ ವಿಚಾರಿಸಿದರೆ ಆ ಸಭೆಯವರು ನಿಜವೋ ಅಲ್ಲವೋ ತಿಳಿಯುತ್ತದೆ. ಎಲ್ಲಕ್ಕಿಂತ ಮೇಲು, ಒಮ್ಮೆ ಹೋಗಿ ನೋಡಿ. ಆದರೆ ಹುಟ್ಟುಹಬ್ಬದ ಕೇಕು ಹಿಡಿದು, ಅಜ್ಜಿಯರನ್ನು ಸಾಲಾಗಿ ಕೂರಿಸಿ ಮೊಬೈಲಿನಲ್ಲಿ ಫೋಟೊ ತೆಗೆಯುವವರ ಜೊತೆ ಹೋಗಬೇಡಿ. ಅಂಥವರು ಬಂದುಹೋದ ಮೇಲೆ ಎಷ್ಟು ಜನರ ಸಕ್ಕರೆ ಏರುತ್ತದೆ ಎಂದು ಅಲ್ಲಿನ ನರ್ಸನ್ನು ಕೇಳಿದರೆ ಹೇಳುತ್ತಾರೆ.

ದಿನಸಿ ಅಂಗಡಿಯವರಾದ ನೀವು ಏನು ಕೊಡಬಹುದು ಎಂದರೆ: ಹೊಸ ಅಕ್ಕಿ ಮುದ್ದೆಯಾಗುತ್ತದೆಂದು ಗಿರಾಕಿಗಳು ಬೇಡವೆನ್ನುತ್ತಾರಲ್ಲ, ಹಲ್ಲಿಲ್ಲದವರ ಗಂಜಿಗೆ ಅದೇ ಒಳ್ಳೆಯದು. ಹೆಸರುಬೇಳೆ, ರಾಗಿ ಹಿಟ್ಟು, ಬಟ್ಟೆ ಸೋಪು, ಫಿನಾಯಿಲ್ ಯಾವಾಗಲೂ ಬೇಕು. ದೊಡ್ಡವರ ಡೈಪರ್ ಸಗಟು ದರದಲ್ಲಿ ತರಿಸಿಕೊಡುವ ವ್ಯವಸ್ಥೆ ನಿಮಗಿದ್ದರೆ ಅಕ್ಕಿಗಿಂತ ಅದೇ ದೊಡ್ಡ ಉಪಕಾರ. ಮಂಡ್ಯದವರೆಂದು ಬೆಲ್ಲದ ಮೂಟೆ ಮಾತ್ರ ಹೊರಿಸಿ ಕಳಿಸಬೇಡಿ, ಬೇಕೇ ಎಂದು ಮೊದಲು ಕೇಳಿ.