ಪದ್ಯ ಬದಿಯಿಂದ, ಚೆಂಡೆ ರಂಗಸ್ಥಳದಿಂದ

ಪ್ರಶ್ನೆ: ಕುಂಬಳೆ ಸಮೀಪದ ಬಯಲಾಟವೊಂದರಲ್ಲಿ ಎಡಬದಿಯ ಸೌಂಡ್ ಬಾಕ್ಸಿನ ಹತ್ತಿರ ಕುಳಿತಿದ್ದೆ. ಭಾಗವತರು ರಂಗಸ್ಥಳದ ಹಿಂಬದಿಯ ನಡುವೆ ಕುಳಿತಿದ್ದರೂ ಪದ್ಯ ಬಾಕ್ಸಿನಿಂದಲೇ ಬಂದಂತಿತ್ತು. ಚೆಂಡೆ ಮಾತ್ರ ರಂಗಸ್ಥಳದಿಂದಲೇ ಕೇಳುತ್ತಿತ್ತು. ಮನೆಯಲ್ಲಾದರೆ ಎರಡು ಬಾಕ್ಸುಗಳ ನಡುವಿನ ಖಾಲಿ ಜಾಗದಿಂದ ಹಾಡು ಬರುತ್ತದೆ. ಹೀಗೇಕೆ? ಬಾಕ್ಸುಗಳನ್ನು ಹೆಚ್ಚಿಸಿದರೆ ಸರಿಯಾದೀತೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಪಕ್ಕದಿಂದ ಬಂದ ಸದ್ದು ಆಚೆಯ ಕಿವಿಯನ್ನು ಮುಟ್ಟುವಾಗ ಸುಮಾರು 0.6 ಮಿಲಿಸೆಕೆಂಡ್ ತಡವಾಗಿರುತ್ತದೆ, ತಲೆ ಅಡ್ಡವಿರುವುದರಿಂದ ಕ್ಷೀಣವೂ ಆಗಿರುತ್ತದೆ; ದಿಕ್ಕು ತಿಳಿಯುವುದು ಮುಖ್ಯವಾಗಿ ಈ ವ್ಯತ್ಯಾಸಗಳಿಂದ. ಮನೆಯ ಎರಡು ಬಾಕ್ಸುಗಳಿಂದ ಒಂದೇ ಸದ್ದು ಒಟ್ಟಿಗೇ, ಸಮನಾಗಿ ಬಂದಾಗ ಕಿವಿಗಳ ನಡುವೆ ವ್ಯತ್ಯಾಸ ಉಳಿಯದೆ ಮಿದುಳು ಹಾಡುಗಾರನನ್ನು ನಡುವೆ ಕೂರಿಸುತ್ತದೆ. ಅರ್ಧ ಮೀಟರ್ ಪಕ್ಕಕ್ಕೆ ಸರಿದು ನೋಡಿ, ಆತ ಹತ್ತಿರದ ಬಾಕ್ಸಿಗೆ ಹೊರಟುಬಿಡುತ್ತಾನೆ.

ಬಯಲಾಟದಲ್ಲಿ ಬಾಕ್ಸು ನಿಮ್ಮಿಂದ 4 ಮೀಟರ್, ಭಾಗವತರು 12 ಮೀಟರ್ ದೂರದಲ್ಲಿದ್ದರು ಎಂದಿಟ್ಟುಕೊಳ್ಳೋಣ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ, ಮೈಕಿನ ತಂತಿಯಲ್ಲಿ ಹಾದ ದನಿಗೋ ತಡವೆಂಬುದೇ ಇಲ್ಲ. ಹೀಗಾಗಿ ಬಾಕ್ಸಿನ ಪದ್ಯ ಭಾಗವತರ ಕಂಠಕ್ಕಿಂತ ಸುಮಾರು 23 ಮಿಲಿಸೆಕೆಂಡ್ ಮೊದಲೇ, ಅದೂ ಹೆಚ್ಚು ಜೋರಾಗಿ, ನಿಮ್ಮನ್ನು ತಲುಪುತ್ತದೆ. ಕಿವಿ ಮೊದಲು ಬಂದದ್ದರ ದಿಕ್ಕನ್ನೇ ಹಿಡಿದು, ತಡವಾಗಿ ಬಂದದ್ದನ್ನು ಅದರೊಳಗೇ ಸೇರಿಸಿಕೊಳ್ಳುತ್ತದೆ. ಚೆಂಡೆ ಮೈಕಿನ ಹಂಗಿಲ್ಲದೆ ಬಯಲು ತುಂಬುವ ವಾದ್ಯ. ಬಾಕ್ಸಿನಲ್ಲಿ ಅದರ ಪಾಲು ಕಡಿಮೆಯಿದ್ದಿರಬೇಕು.

ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದಂತೆ, 10ರಿಂದ 20 ಮಿಲಿಸೆಕೆಂಡ್ ತಡವಾಗಿ ಬಂದ ಸದ್ದು 10 ಡೆಸಿಬೆಲ್‌ನಷ್ಟು ಜೋರಾಗಿದ್ದರೂ ದಿಕ್ಕು ಮೊದಲು ಬಂದದ್ದರದೇ. ಆದುದರಿಂದ ರಂಗಸ್ಥಳದ ಮುಂಬದಿಯ ನಡುವೆ ಚಿಕ್ಕ ಬಾಕ್ಸೊಂದನ್ನಿಟ್ಟು, ಬದಿಯವುಗಳನ್ನು ಸುಮಾರು 35 ಮಿಲಿಸೆಕೆಂಡ್ ತಡಮಾಡಿದರೆ ಪದ್ಯ ಭಾಗವತರತ್ತ ಮರಳುತ್ತದೆ. ಡಿಜಿಟಲ್ ಮಿಕ್ಸರುಗಳಲ್ಲಿ ಈ ಅನುಕೂಲವಿದೆ. ವಾಲ್ಯೂಮ್ ಏರಿಸುವ ಉತ್ಸಾಹದಲ್ಲಿ ಮೈಕಿನವರು ಅದನ್ನು ಮುಟ್ಟುವುದು ಅಪರೂಪ.

ಬಾಕ್ಸುಗಳನ್ನು ಸುಮ್ಮನೆ ಹೆಚ್ಚಿಸಿದರೆ ಪ್ರತಿಯೊಬ್ಬ ಪ್ರೇಕ್ಷಕನಿಗೂ ಭಾಗವತರು ತನ್ನ ಹತ್ತಿರದ ಬಾಕ್ಸಿನಲ್ಲೇ ಕುಳಿತಂತಾದೀತು. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಬರ್ಖೌಟ್ 1988ರಲ್ಲಿ ಮಂಡಿಸಿದ ಉಪಾಯವೇ ಬೇರೆ: ಒತ್ತಾಗಿ ಸಾಲಿಟ್ಟ ಬಾಕ್ಸುಗಳಿಗೆ ಒಂದೊಂದಕ್ಕೂ ತಕ್ಕಷ್ಟು ತಡ ಮತ್ತು ಪ್ರಮಾಣ ಕೊಟ್ಟು, ಭಾಗವತರಿಂದಲೇ ಹೊರಟಂತಹ ಅಲೆಯನ್ನು ಕಟ್ಟುವುದು. ಆಗ ಎಲ್ಲಿ ಕುಳಿತರೂ ದಿಕ್ಕು ಒಂದೇ. ಆದರೆ 17 ಸೆಂಟಿಮೀಟರಿಗೊಂದರಂತೆ ಇಟ್ಟರೂ ಆ ಅಲೆ ನಿಖರವಾಗಿರುವುದು ಸುಮಾರು 1000 ಹರ್ಟ್ಸ್‌ವರೆಗೆ ಮಾತ್ರ, ಮತ್ತು 10 ಮೀಟರ್ ಸಾಲಿಗೆ 60ರಷ್ಟು ಬಾಕ್ಸುಗಳು ಬೇಕು.