ಪೈಪ್ ಈಗಲೇ ಹಾಕಿಸಿ, ಪ್ಯಾನೆಲ್‌ಗೆ ಅವಸರ ಬೇಡ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹೊಸ ಮನೆ ಕಟ್ಟಿಸಿದವರವು, ಕೇಳಿರುವುದು ತಾರಸಿ ಸೋಲಾರ್ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

30×40 ಸೈಟಿನಲ್ಲಿ ಮನೆ ಕಟ್ಟಿಸಿದ್ದೇವೆ, ಮುಂದಿನ ತಿಂಗಳು ಗೃಹಪ್ರವೇಶ. ಇರುವುದು ನಾಲ್ಕು ಜನ. ಎಸಿ ಇಲ್ಲ. ಸ್ನಾನದ ನೀರಿಗೆ ಸೋಲಾರ್ ಹೀಟರ್ ಕೂರಿಸಿಯಾಗಿದೆ. ‘5 ಕಿಲೋವ್ಯಾಟ್ ಹಾಕಿಸಿಬಿಡಿ, ಜೀವನಪೂರ್ತಿ ಬಿಲ್ಲೇ ಇರಲ್ಲ’ ಎನ್ನುತ್ತಿದ್ದಾರೆ ಕಂಪನಿಯವರು. ಹಾಕಿಸಬಹುದೇ?
— ತುಮಕೂರು

ಈಗ ಬೇಡ. ಮುಂದೆ ಹಾಕಿಸಿದರೂ 5 ಕಿಲೋವ್ಯಾಟ್ ಬೇಡ.

ಹಳೆಯ ಮನೆಯವರ ಕೈಯಲ್ಲಿ ಒಂದು ವರ್ಷದ ಬಿಲ್ ಇರುತ್ತದೆ, ನಿಮ್ಮಲ್ಲಿ ಅದಿಲ್ಲ. ಹಾಗಾಗಿ ಬಳಕೆಯನ್ನು ಅಂದಾಜು ಮಾಡೋಣ. ತಿಂಗಳಿಗೆ ಫ್ರಿಜ್‌ಗೆ 25 ಯೂನಿಟ್. ಮೂರು ಸಾಮಾನ್ಯ ಫ್ಯಾನ್ ದಿನಕ್ಕೆ ಎಂಟು ತಾಸು ತಿರುಗಿದರೆ 54. ಎಲ್‌ಇಡಿ ದೀಪ ಮತ್ತು ಟಿವಿಗೆ 20, ಮೋಟಾರಿಗೆ 12, ಮಿಕ್ಸಿ, ವಾಷಿಂಗ್ ಮಷಿನ್, ಇಸ್ತ್ರಿಗೆ ಇನ್ನೊಂದು 12. ಎಲ್ಲ ಸೇರಿ 120ರ ಆಸುಪಾಸು. ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಉಚಿತ. ಉಳಿದ 62 ಯೂನಿಟ್‌ಗೆ ತೆರಿಗೆ ಎಲ್ಲ ಸೇರಿ ಸುಮಾರು ನಾನ್ನೂರು ರೂಪಾಯಿ ಕಟ್ಟುತ್ತೀರಿ. ಅಂದರೆ ಸೋಲಾರ್‌ನಿಂದ ವರ್ಷಕ್ಕೆ ಐದು ಸಾವಿರ ಉಳಿದರೆ ಹೆಚ್ಚು. ಆ ಮೂರು ಫ್ಯಾನ್‌ಗಳ ಬದಲು ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನ್ ಹಾಕಿದರೇ 54 ಇದ್ದದ್ದು 20 ಯೂನಿಟ್‌ಗೆ ಇಳಿಯುತ್ತದೆ. ಅದಕ್ಕಾಗುವ ಖರ್ಚು ಒಂದು ಪ್ಯಾನೆಲ್‌ನ ಬೆಲೆಗಿಂತ ಹೆಚ್ಚೇನಲ್ಲ.

ಲೆಕ್ಕ ತಿರುಗುವುದು 200 ಯೂನಿಟ್‌ನಲ್ಲಿ. ಅದನ್ನು ದಾಟಿದ ತಿಂಗಳು ಗೃಹಜ್ಯೋತಿಯ ಲಾಭ ಪೂರ್ತಿ ಹೋಗಿ, ಮೊದಲ ಯೂನಿಟ್‌ನಿಂದಲೇ ಬಿಲ್ ಬರುತ್ತದೆ. ನಾಳೆ ಇಂಡಕ್ಷನ್ ಒಲೆ ಬಂದರೆ ತಿಂಗಳಿಗೆ 75, ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುವ ಎಲೆಕ್ಟ್ರಿಕ್ ಸ್ಕೂಟರಿಗೆ 35 ಯೂನಿಟ್ ಸೇರುತ್ತದೆ. 120 ಇದ್ದದ್ದು 230 ಆಗಿ, ಬಿಲ್ ನಾನ್ನೂರರಿಂದ ಒಂದೂವರೆ ಸಾವಿರದ ಮೇಲೆ ಹೋಗುತ್ತದೆ. ಆಗ ಸೋಲಾರ್ ಅರ್ಥಪೂರ್ಣ. ನಮ್ಮ ಒಳನಾಡಿನಲ್ಲಿ ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್‌ಗೆ ತಿಂಗಳಿಗೆ 240, ನಿಮಗೆ ಅಷ್ಟು ಸಾಕು.

5 ಕಿಲೋವ್ಯಾಟ್ ಏಕೆ ಬೇಡ? ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ಅದು ನಿಂತುಹೋಗುತ್ತದೆ, ನಾಲ್ಕು ಮತ್ತು ಐದನೆಯದು ಪೂರ್ತಿ ನಿಮ್ಮ ಜೇಬಿನಿಂದ. ಹೀಗೆ ಹೆಚ್ಚಾಗಿ ಬಂದ ವಿದ್ಯುತ್ತನ್ನು ಸಬ್ಸಿಡಿ ಪಡೆದ ಮನೆಯಿಂದ ಎಸ್ಕಾಂ ಕೊಳ್ಳುವ ದರ ಯೂನಿಟ್‌ಗೆ 3 ರೂ.ಗೂ ಕಡಿಮೆ. ನಿಮಗೆ ಲಾಭವಾಗುವುದು ಆರೂವರೆ ರೂಪಾಯಿ ಕೊಟ್ಟು ಕೊಳ್ಳಬೇಕಿದ್ದ ಯೂನಿಟ್ ತಪ್ಪಿದಾಗ, ಮಾರುವುದರಲ್ಲಿ ಅಲ್ಲ. ‘ಬಿಲ್ಲೇ ಇರಲ್ಲ’ ಎಂಬ ಮಾತೂ ಸರಿಯಲ್ಲ: ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ಕಟ್ಟುವ ನಿಗದಿತ ಶುಲ್ಕ ಸೋಲಾರ್ ಹಾಕಿದರೂ ಬರುತ್ತದೆ.

ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ಬೇರೆ ಮೀಟರ್ ಹಾಕಿಸುವ ಯೋಚನೆ ಇದ್ದರೆ ನಿಮ್ಮ ಬಳಕೆ ಇನ್ನೂ ತಗ್ಗುತ್ತದೆ, ಸೋಲಾರ್ ಜೋಡಣೆ ಆಗುವುದು ಒಂದು ಆರ್‌ಆರ್ ನಂಬರಿಗೆ ಮಾತ್ರ. ಒಂದು ಬೇಸಿಗೆ, ಒಂದು ಮಳೆಗಾಲ ಆ ಮನೆಯಲ್ಲಿ ಕಳೆಯಿರಿ. ಹನ್ನೆರಡು ಬಿಲ್ ಕೈಗೆ ಬಂದ ಮೇಲೆ ತಿಂಗಳ ಸರಾಸರಿಯನ್ನು 120ರಿಂದ ಭಾಗಿಸಿದರೆ ಎಷ್ಟು ಕಿಲೋವ್ಯಾಟ್ ಬೇಕೆಂಬುದು ಸಿಗುತ್ತದೆ.

ಮೇಲ್ಛಾವಣಿ ಮೋಲ್ಡ್ ಆಗಿದೆ, ಗೋಡೆ ವೈರಿಂಗ್ ಶುರುವಾಗಬೇಕು. ಸೋಲಾರ್ ಮುಂದೆ ಎಂದಾದರೂ ಹಾಕಿಸುತ್ತೇವೆ. ಈಗಲೇ ಏನೇನು ಮಾಡಿಸಿಕೊಳ್ಳಬೇಕು?
— ದಾವಣಗೆರೆ

ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಈಗ ಮೂರ್ನಾಲ್ಕು ಸಾವಿರದಲ್ಲಿ ಮುಗಿಯುವ ಕೆಲಸವನ್ನು ಬಣ್ಣ ಹೊಡೆದ ಮೇಲೆ ಮಾಡಿಸಿದರೆ ಗೋಡೆ ಕೊರೆಯಬೇಕು, ಇಲ್ಲವೇ ಮನೆಯ ಮುಂಭಾಗದಲ್ಲಿ ಬಿಳಿ ಪೈಪ್ ಇಳಿಬಿಡಬೇಕು.

ತಾರಸಿಯ ಮೆಟ್ಟಿಲು ಕೋಣೆಯಿಂದ ಕೆಳಗಿನ ಮೀಟರ್ ಬೋರ್ಡ್‌ವರೆಗೆ 32 ಮಿ.ಮೀ. ಪಿವಿಸಿ ಪೈಪ್ ಎರಡು ಹಾಕಿಸಿ, ಒಂದರಲ್ಲಿ ಡಿಸಿ (ಪ್ಯಾನೆಲ್‌ನಿಂದ ಬರುವ ವಿದ್ಯುತ್), ಇನ್ನೊಂದರಲ್ಲಿ ಎಸಿ (ಮನೆಯಲ್ಲಿ ಬಳಸುವ ವಿದ್ಯುತ್). ಎರಡನ್ನೂ ಒಂದೇ ಪೈಪಿಗೆ ತುರುಕುವ ಎಲೆಕ್ಟ್ರಿಷಿಯನ್ ಇದ್ದರೆ ತಡೆಯಿರಿ: 3 ಕಿಲೋವ್ಯಾಟ್‌ನ ಆರು ಪ್ಯಾನೆಲ್ ಸಾಲಿನಲ್ಲಿ ಬಿಸಿಲಿರುವಷ್ಟು ಹೊತ್ತೂ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ, ಮೇನ್ ಸ್ವಿಚ್ ಆಫ್ ಮಾಡಿದರೂ ಅದು ಹೋಗುವುದಿಲ್ಲ. ಮುಂದೆ ದುರಸ್ತಿಗೆ ಬಂದವನಿಗೆ ಯಾವ ವೈರ್ ಯಾವುದೆಂದು ತಿಳಿಯಬೇಕು. ಪೈಪಿನೊಳಗೆ ನೈಲಾನ್ ದಾರ ಎಳೆದು ಎರಡೂ ತುದಿಗೆ ಮುಚ್ಚಳ ಹಾಕಿಸಿ. ಇಲ್ಲದಿದ್ದರೆ ಕಣಜದ ಗೂಡು, ಸಿಮೆಂಟ್ ಪುಡಿ ಸೇರಿ ಎರಡು ವರ್ಷದಲ್ಲಿ ದಾರಿಯೇ ಮುಚ್ಚಿಹೋಗುತ್ತದೆ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ.

ಪ್ಯಾನೆಲ್‌ನ ಡಿಸಿಯನ್ನು ಎಸಿಯಾಗಿ ಬದಲಿಸುವ ಇನ್ವರ್ಟರಿಗೆ ಮೆಟ್ಟಿಲು ಕೋಣೆಯ ಒಳಗೋಡೆ ಒಳ್ಳೆಯ ಜಾಗ. ಹತ್ತು ಹನ್ನೆರಡು ಕೆ.ಜಿ. ತೂಕ, ಎದೆಯ ಎತ್ತರಕ್ಕೆ ಕೂರಿಸಿ ಸುತ್ತ ಒಂದು ಅಡಿ ಬಿಡಬೇಕು. ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯಲ್ಲಿದ್ದರೆ ಬಿಸಿಯೇರಿ ಮಧ್ಯಾಹ್ನ ತಾನೇ ಉತ್ಪಾದನೆ ತಗ್ಗಿಸಿಕೊಳ್ಳುತ್ತದೆ. ಮಲಗುವ ಕೋಣೆಯ ಗೋಡೆಗೂ ಬೇಡ, ಗುಂಯ್‌ಗುಡುತ್ತದೆ. ಮೀಟರ್ ಬೋರ್ಡ್‌ನಲ್ಲಿ ಎರಡು ಮೀಟರಿನ ಜಾಗ ಬಿಡಿಸಿ.

ಅರ್ಥಿಂಗ್ ಗುಂಡಿ ಮೂರು ಬೇಕು: ಪ್ಯಾನೆಲ್ ಮತ್ತು ಚೌಕಟ್ಟಿಗೆ ಒಂದು, ಇನ್ವರ್ಟರ್–ಎಸಿ ಕಡೆಗೆ ಒಂದು, ಸಿಡಿಲು ನಿರೋಧಕಕ್ಕೆ ಇನ್ನೊಂದು. ಸೆಟ್‌ಬ್ಯಾಕ್‌ಗೆ ಟೈಲ್ಸ್ ಹಾಸುವ ಮುಂಚೆಯೇ ತೋಡಿಸಿ. ಸಿಡಿಲಿನ ಪಟ್ಟಿ ಮಾತ್ರ ಮನೆಯೊಳಗಿನ ಪೈಪಿನಲ್ಲಿ ಬರಬಾರದು, ಹೊರಗೋಡೆಯ ಮೇಲೆ ನೇರ ಇಳಿಯಬೇಕು.

ಕೊನೆಯದು ತಾರಸಿ. ಮೋಲ್ಡ್ ಆಗಿರುವುದರಿಂದ ಈಗ ಕಂಬಿ ಬಿಡಲಾಗದು. ಆದರೆ ವಾಟರ್‌ಪ್ರೂಫಿಂಗ್ ಇನ್ನೂ ಆಗಿಲ್ಲವಾದರೆ, ಚೌಕಟ್ಟಿನ ಕಾಲು ಬರುವೆಡೆ ಒಂದಡಿ ಚೌಕದ ಕಾಂಕ್ರೀಟ್ ಪೀಠಗಳನ್ನು ಕೆಳಗಿನ ತೊಲೆಯ ನೇರಕ್ಕೆ ಈಗಲೇ ಕಟ್ಟಿಸಿ, ಆಮೇಲೆ ವಾಟರ್‌ಪ್ರೂಫಿಂಗನ್ನು ಪೀಠದ ಬದಿಗೂ ಏರಿಸಿ. ಕ್ರಮ ತಪ್ಪಿಸಿ ಆಮೇಲೆ ಬೋಲ್ಟಿಗೆ ತೂತು ಕೊರೆದರೆ ಮುಂದಿನ ಮಳೆಗೆ ಹಾಲ್‌ನ ಸೀಲಿಂಗ್‌ನಲ್ಲಿ ಹಳದಿ ಕಲೆ ಕಾಣಿಸುತ್ತದೆ. ಪ್ಯಾನೆಲ್ ಬರೀ 28 ಕೆ.ಜಿ.ಯಲ್ಲವೇ ಎಂದು ಪೀಠ ಬಿಡಬೇಡಿ. ಭಾರಕ್ಕಿಂತ ಗಾಳಿ ಮೇಲೆತ್ತುವುದೇ ಅಪಾಯ. ಗಂಟೆಗೆ 150 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ನೂರು ಕೆ.ಜಿ.ಯಷ್ಟು, ಒಂದು ಪ್ಯಾನೆಲ್ ಎರಡೂವರೆ ಚದರ ಮೀಟರ್.

ತಾರಸಿಯ ನೈಋತ್ಯದಲ್ಲಿ ಮೆಟ್ಟಿಲು ಕೋಣೆ, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕ್. ಪ್ಯಾನೆಲ್ ಎಲ್ಲಿ ಕೂರಿಸಬೇಕು?
— ಮೈಸೂರು

ವಾಸ್ತು ಪ್ರಕಾರ ಟ್ಯಾಂಕ್ ನೈಋತ್ಯದಲ್ಲಿರಬೇಕು, ಸೋಲಾರಿಗೆ ಅದು ಅಡ್ಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅಲ್ಲಿನ ನೆರಳು ಮಧ್ಯಾಹ್ನದ ಮೇಲೆ ಈಶಾನ್ಯಕ್ಕೆ, ಅಂದರೆ ನಿಮ್ಮ ಖಾಲಿ ತಾರಸಿಯ ಉದ್ದಕ್ಕೂ ಚಾಚುತ್ತದೆ. ಡಿಸೆಂಬರ್ 21ರ ಸುಮಾರಿಗೆ ನಮ್ಮಲ್ಲಿ ನೆರಳು ನಡುಮಧ್ಯಾಹ್ನಕ್ಕೆ ವಸ್ತುವಿನ ಎತ್ತರದ ಮುಕ್ಕಾಲು ಪಾಲು, ಬೆಳಿಗ್ಗೆ 9ಕ್ಕೆ ಒಂದೂಮುಕ್ಕಾಲು ಪಟ್ಟು. ಕೋಣೆ ಮತ್ತು ಟ್ಯಾಂಕ್ ಸೇರಿ 12 ಅಡಿಯಿದ್ದರೆ ಮಧ್ಯಾಹ್ನ 9 ಅಡಿ, ಬೆಳಿಗ್ಗೆ 21 ಅಡಿ. ಹಾಗಾಗಿ ನಿಮಗೆ ಆಗ್ನೇಯದ ಮೂಲೆಯೇ ಸರಿ. ಜೂನ್‌ನಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದರಿಂದ ನಡುಹಗಲಿನ ನೆರಳು ದಕ್ಷಿಣಕ್ಕೂ ಬೀಳುತ್ತದೆ, ಆದರೆ 12 ಅಡಿಗೆ ಎರಡೂವರೆ ಅಡಿ ಅಷ್ಟೇ.

ಸ್ವಲ್ಪ ನೆರಳಿಗೇನು ಎನ್ನಬೇಡಿ. ಆರು ಪ್ಯಾನೆಲ್ ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿರುತ್ತವೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟ್. ಒಂದರ ಮೇಲೆ ಡಿಶ್ ಆಂಟೆನಾದ ನೆರಳು ಬಿದ್ದರೆ ಅದರೊಳಗಿನ ಬೈಪಾಸ್ ಡಯೋಡ್ ಆ ಭಾಗವನ್ನೇ ಬಿಟ್ಟು ದಾಟಿಸುತ್ತದೆ, ನೆರಳು ಅಂಗೈ ಅಗಲವಾದರೂ ನಷ್ಟ ಪ್ಯಾನೆಲ್‌ನ ಮೂರನೇ ಒಂದರಷ್ಟಾಗಬಹುದು. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ತಾರಸಿ ಹತ್ತಿ ಸೀಮೆಸುಣ್ಣದಲ್ಲಿ ನೆರಳಿನ ಅಂಚು ಗುರುತಿಸಿ. ಅದರಾಚೆ 3 ಕಿಲೋವ್ಯಾಟ್‌ಗೆ ಓಡಾಟದ ಜಾಗ ಸೇರಿ 250–300 ಚದರಡಿ ಸಿಕ್ಕರೆ ಸಾಕು. ಪಕ್ಕದ ಖಾಲಿ ಸೈಟಿನಲ್ಲಿ ನಾಳೆ ಮೂರು ಮಹಡಿ ಏಳಬಹುದೆಂಬುದನ್ನೂ ಲೆಕ್ಕಕ್ಕಿಡಿ. ಪ್ಯಾನೆಲ್ ದಕ್ಷಿಣಕ್ಕೆ 12–15 ಡಿಗ್ರಿ ವಾಲಿದರೆ ಸರಿ. 10ಕ್ಕಿಂತ ಕಡಿಮೆಯಾದರೆ ಮಳೆನೀರು ಧೂಳನ್ನು ತೊಳೆದೊಯ್ಯದೆ ಕೆಳಅಂಚಿನಲ್ಲಿ ಕೆಸರಿನ ಪಟ್ಟಿ ಕಟ್ಟುತ್ತದೆ.

ನಮ್ಮಲ್ಲಿ ಮಳೆಗಾಲ ಪೂರ್ತಿ ಕರೆಂಟ್ ಹೋಗುತ್ತಿರುತ್ತದೆ. ಸೋಲಾರ್ ಇದ್ದರೆ ಆ ತೊಂದರೆ ತಪ್ಪುತ್ತದಲ್ಲವೇ?
— ತೀರ್ಥಹಳ್ಳಿ

ತಪ್ಪುವುದಿಲ್ಲ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್‌ಗ್ರಿಡ್ (ಬ್ಯಾಟರಿಯಿಲ್ಲದೆ ನೇರ ಗ್ರಿಡ್‌ಗೆ, ಅಂದರೆ ಎಸ್ಕಾಂ ಲೈನಿಗೆ ಸೇರಿದ) ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತದೆ, ಮೇಲೆ ಸುಡುಬಿಸಿಲಿದ್ದರೂ ಸರಿಯೇ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದೆಂದು ಹಾಗಿರುವುದು.

ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬಹುದು, ಆದರೆ ಬ್ಯಾಟರಿಗೆ ಸಬ್ಸಿಡಿ ಇಲ್ಲ. ಅದೂ ಅಲ್ಲದೆ ಕರೆಂಟ್ ಹೆಚ್ಚು ಹೋಗುವ ಜೂನ್–ಆಗಸ್ಟ್‌ನಲ್ಲೇ ನಿಮ್ಮಲ್ಲಿ ಬಿಸಿಲು ಕಡಿಮೆ, ಕಿಲೋವ್ಯಾಟ್‌ಗೆ ದಿನಕ್ಕೆ ಎರಡು ಯೂನಿಟ್ ಬಂದರೆ ದೊಡ್ಡದು. ನಾಲ್ಕು ಯೂನಿಟ್‌ನ ಲೆಕ್ಕ ತೋರಿಸುವವರಿಗೆ ಇದನ್ನು ಕೇಳಿ. ದೀಪ, ಫ್ಯಾನ್, ವೈಫೈಗೆ 150 ಎಎಚ್ ಬ್ಯಾಟರಿಯ ಸಾಮಾನ್ಯ ಯುಪಿಎಸ್ ಐದಾರು ತಾಸು ಬರುತ್ತದೆ, ಅಷ್ಟು ಸಾಕು. ಎರಡನ್ನೂ ಇಟ್ಟುಕೊಂಡರೆ ಆನ್‌ಗ್ರಿಡ್ ಇನ್ವರ್ಟರಿನ ತಂತಿ ಮೇನ್ಸ್ ಕಡೆಗೆ ಸೇರಬೇಕು, ಯುಪಿಎಸ್‌ನ ಔಟ್‌ಪುಟ್ ಲೈನಿಗೆ ಖಂಡಿತ ಸೇರಬಾರದು. ಸೇರಿದರೆ ಕರೆಂಟ್ ಹೋದಾಗ ಯುಪಿಎಸ್‌ನ ವಿದ್ಯುತ್ತನ್ನೇ ಗ್ರಿಡ್ ಎಂದುಕೊಂಡು ಸೋಲಾರ್ ಅದರೊಳಕ್ಕೇ ಹಿಮ್ಮುಖವಾಗಿ ತಳ್ಳುತ್ತದೆ, ಯುಪಿಎಸ್ ಸುಡುತ್ತದೆ. ಅಡಿಕೆ ತೋಟದ ನಡುವಿನ ಮನೆಯಾದರೆ ಮೇಲಿನ ನೆರಳಿನ ಉತ್ತರವನ್ನೂ ಓದಿ.

ನಮ್ಮ ಕಡೆ ಬಿಸಿಲು ಬಹಳ. ಏಪ್ರಿಲ್–ಮೇನಲ್ಲಿ ಉತ್ಪಾದನೆ ಎಲ್ಲರಿಗಿಂತ ಹೆಚ್ಚಿರಬೇಕಲ್ಲ?
— ಕಲಬುರಗಿ

ಬೆಳಕು ಹೆಚ್ಚು ನಿಜ, ಆದರೆ ಸೆಕೆ ಅದರಲ್ಲಿ ಪಾಲು ತಿನ್ನುತ್ತದೆ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯ ಲೆಕ್ಕದ್ದು. ನಿಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಪ್ಯಾನೆಲ್‌ನ ಬಿಸಿ 65–70 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಶೇ 0.35ರಷ್ಟು ಇಳಿಯುವ ಪ್ಯಾನೆಲ್ ಆಗ ಶೇ 15ರಷ್ಟು ಕಳೆದುಕೊಂಡಿರುತ್ತದೆ. ತಾರಸಿಗೆ ಅಂಟಿಸದೆ ಕೆಳಗೆ ಗಾಳಿಯಾಡಲು ಬಿಡಿ. ಹದಿನೈದು ದಿನಕ್ಕೊಮ್ಮೆ ಸೂರ್ಯ ಏರುವ ಮುಂಚೆ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರ್‌ವೆಲ್‌ನ ಗಡಸು ನೀರಾದರೆ ತಕ್ಷಣ ವೈಪರ್‌ನಿಂದ ಎಳೆದುಬಿಡಿ. ಒಣಗಿ ಕೂತ ಬಿಳಿ ಪದರ ಧೂಳಿಗಿಂತ ಕೆಟ್ಟದ್ದು.

‘3 ಕಿಲೋವ್ಯಾಟ್ ಸೋಲಾರ್, 1.95 ಲಕ್ಷ’ ಎಂದು ಒಂದೇ ಸಾಲಿನ ಕೊಟೇಶನ್ ಕೊಟ್ಟಿದ್ದಾರೆ. ಏನೇನು ಕೇಳಬೇಕು?
— ಹುಬ್ಬಳ್ಳಿ

ಮೊದಲು ಪ್ಯಾನೆಲ್ ಎಷ್ಟು, ತಲಾ ಎಷ್ಟು ವ್ಯಾಟ್ ಎಂದು ಬರೆಸಿಕೊಳ್ಳಿ. 550 ವ್ಯಾಟ್‌ನ ಐದು ಕೊಟ್ಟು 3 ಕಿಲೋವ್ಯಾಟ್ ಎನ್ನುವವರಿದ್ದಾರೆ, ಅದು 2.75 ಆಯಿತು. ಸಬ್ಸಿಡಿಯನ್ನು ಪ್ಯಾನೆಲ್ ಮತ್ತು ಇನ್ವರ್ಟರ್ ಎರಡರಲ್ಲಿ ಯಾವುದು ಚಿಕ್ಕದೋ ಅದರ ಮೇಲೆ ಲೆಕ್ಕ ಹಾಕುವುದರಿಂದ 78,000ದ ಬದಲು 73,500 ಬರುತ್ತದೆ. ಆರು ಕೇಳಿ. ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು. ಇಲ್ಲವಾದರೆ ಸಬ್ಸಿಡಿ ಇಲ್ಲ. ಅಗ್ಗದ ಕೊಟೇಶನ್‌ನ ಗುಟ್ಟು ಬಹಳ ಸಲ ಇಲ್ಲೇ ಇರುತ್ತದೆ.

ಚೌಕಟ್ಟು ಹಾಟ್‌ಡಿಪ್ ಗ್ಯಾಲ್ವನೈಸ್ ಆದದ್ದು (ಕರಗಿದ ಸತುವಿನಲ್ಲಿ ಅದ್ದಿದ್ದು), ಪದರ 80 ಮೈಕ್ರಾನ್‌ನದೇ ಎಂದು ಬರೆಯಿಸಿ. ಬರೀ ಬೆಳ್ಳಿ ಬಣ್ಣ ಬಳಿದ ಕಬ್ಬಿಣ ವೆಲ್ಡಿಂಗ್ ಜಾಗದಲ್ಲಿ ಎರಡನೇ ಮಳೆಗೇ ತುಕ್ಕು ಹಿಡಿಯುತ್ತದೆ. ಸಮುದ್ರದ ಹತ್ತಿರದವರು ಅಲ್ಯೂಮಿನಿಯಂ ರೈಲ್, ಸ್ಟೇನ್‌ಲೆಸ್ ಬೋಲ್ಟ್, ಉಪ್ಪುಗಾಳಿಯ ಐಇಸಿ 61701 ಪರೀಕ್ಷೆ ಪಾಸಾದ ಪ್ಯಾನೆಲ್ ಕೇಳಬೇಕು. ಡಿಸಿ ಕೇಬಲ್ 4 ಚದರ ಮಿ.ಮೀ., ಡಿಸಿ, ಎಸಿ ಎರಡೂ ಕಡೆ ಸರ್ಜ್ ರಕ್ಷಕ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ), ಮೂರು ಅರ್ಥಿಂಗ್, ನೆಟ್ ಮೀಟರ್ (ಗ್ರಿಡ್‌ನಿಂದ ಬಂದ, ಗ್ರಿಡ್‌ಗೆ ಹೋದ ಎರಡೂ ಯೂನಿಟ್ ಅಳೆಯುವ ಮೀಟರ್) ಶುಲ್ಕ ಯಾರದ್ದು ಎಂಬುದೂ ಇರಲಿ. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಕಡಿಮೆಯಾಗಿದೆ: ಬಿಲ್‌ನ ಶೇ 70ಕ್ಕೆ 5, ಉಳಿದ ಶೇ 30ಕ್ಕೆ 18, ಒಟ್ಟು ಶೇ 8.9. ಹಳೆಯ 13.8 ಹಾಕಿದ್ದರೆ ತಿದ್ದಿಸಿ.

ಕೆಲಸದ ದಿನ ಒಂದನ್ನು ಮಾತ್ರ ನಿಂತು ನೋಡಿ. ಕೇಬಲ್ ತುದಿಗೆ ಎಂಸಿ4 ಕನೆಕ್ಟರ್ ಹಾಕುವಾಗ ಕ್ರಿಂಪಿಂಗ್ ಟೂಲ್ ಬಳಸುತ್ತಾರೋ, ಕಟಿಂಗ್ ಪ್ಲೇಯರ್‌ನಲ್ಲಿ ಒತ್ತುತ್ತಾರೋ ಎಂದು. ಪ್ಲೇಯರ್‌ನಲ್ಲಿ ಒತ್ತಿದ ಪಿನ್ ಸಡಿಲವಿರುತ್ತದೆ, ಹದಿಮೂರು ಆಂಪಿಯರ್ ಹರಿದಾಗ ಕಾಯುತ್ತದೆ, ಒಂದೆರಡು ಬೇಸಿಗೆಯಲ್ಲಿ ಕನೆಕ್ಟರ್ ಕರಗಿ ಸುತ್ತ ಕಪ್ಪು ಉಂಗುರ ಕಟ್ಟುತ್ತದೆ. ಎರಡು ಕಂಪನಿಯ ಗಂಡು–ಹೆಣ್ಣು ಕನೆಕ್ಟರ್ ಜೋಡಿಸಿದರೂ ಇದೇ ಗತಿ. ತಾರಸಿಗೆ ಬೆಂಕಿ ಹತ್ತುವುದು ಹೆಚ್ಚಾಗಿ ಇಂಥ ಜಾಗದಿಂದಲೇ.

ಅರ್ಜಿ ಹಾಕುವ ಮುಂಚೆ ಇನ್ನೊಂದು ಕೆಲಸ. ಸೈಟ್ ಕೊಂಡ ಹೊಸದಾದ್ದರಿಂದ ಆರ್‌ಆರ್ ನಂಬರ್ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ ಬದಲಿಸಿಕೊಳ್ಳಿ, ಕಟ್ಟಡ ಕೆಲಸದ ತಾತ್ಕಾಲಿಕ ಸಂಪರ್ಕವಾದರೆ ಕಾಯಂ ಮಾಡಿಸಿ. ಕರೆಂಟ್ ಬಿಲ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇರಲಿ. ಸಬ್ಸಿಡಿ ಬರುವುದು ಮೀಟರ್ ಕೂರಿಸಿ ಎಸ್ಕಾಂ ಪರಿಶೀಲನೆ ಮುಗಿದ ಮೇಲೆ, ನಿಮ್ಮ ಖಾತೆಗೇ. ಹಾಗಾಗಿ ಕೊನೆಯ ಶೇ 10 ಹಣವನ್ನು ನೆಟ್ ಮೀಟರ್ ತಿರುಗುವವರೆಗೆ ಕೊಡಬೇಡಿ.